ಐದನೆಯ ಬಾವಲಿ

ಚೆಂಗ್ದು
ಡಿಸೆಂಬರ್ ೧೧, ಗುರುವಾರ

ನನ್ನ ಮಾತು ಕೇಳದ ಅಮ್ಮನಿಗೆ,

ಬೆಳಿಗ್ಗೆಯಿಂದ ಮೂರು ಸಲ ಫೋನ್ ಕತ್ತರಿಸಿದ್ದೀಯ. ಹಂದಿಮಾಂಸಕ್ಕೆ ಉಪ್ಪು ಸವರುತ್ತಿದ್ದೇನೆ, ಕೈ ಅಂಟಂಟು ಎನ್ನುವುದು ನಿನ್ನ ನೆಪ. ಕಾಗದವನ್ನಂತೂ ನಡುವೆ ಕತ್ತರಿಸಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು. ಪಕ್ಕದ ಮನೆ ಪೆಂಗ್ ಅತ್ತೆಯ ಕೈಗೆ ಕೊಟ್ಟರೆ ಸಂಜೆಯೊಳಗೆ ಮ್ಯಾನ್‌ಜು ಊರಿಗೆಲ್ಲ ಗೊತ್ತಾಗುತ್ತದೆ.

ಆಸ್ಪತ್ರೆಯ ಪರೀಕ್ಷೆಗೆಂದು ಬಂದು ನೀನು ನನ್ನ ಮನೆಯಲ್ಲಿ ಮೂರು ದಿನ ಇದ್ದೆ. ಮೂರನೆಯ ದಿನ ನಾನು ಆಸ್ಪತ್ರೆಗೆ ನಿನ್ನ ವರದಿ ತರಲು ಹೋಗಿದ್ದಾಗ ಪ್ರಕಾಶನದವರು ಕಳಿಸಿದ ಆಳು ಬಂದ. ಮಕ್ಕಳ ಪುಸ್ತಕಕ್ಕೆ ನಾನು ಬರೆದ ಚಿತ್ರವನ್ನು ಸುತ್ತಿ ಅವನ ಕೈಗೆ ಕೊಟ್ಟವಳು ನೀನು. ಉಪಕಾರವಾಯಿತು ಅಂದುಕೊಂಡೆ. ಇವತ್ತು ಅಚ್ಚಿನ ಮಾದರಿ ಬಂತು. ಪುಸ್ತಕದ ಕೊನೆಯ ಪುಟ, ನಾನು ಇಪ್ಪತ್ತೆರಡು ದಿನ ಕೂತು ಬರೆದದ್ದು: ಕೈಯಲ್ಲಿ ಪೀಚ್ ಹಣ್ಣು ಹಿಡಿದ ಬೋಳುತಲೆಯ ದೀರ್ಘಾಯುಷ್ಯದ ದೇವರು, ಪಕ್ಕದಲ್ಲಿ ಜಿಂಕೆ, ತಲೆಯ ಮೇಲೆ ಕೆಂಪು ಬಾವಲಿಗಳು. ನಾನು ಬರೆದದ್ದು ನಾಲ್ಕು. ಅಚ್ಚಿನಲ್ಲಿ ಐದು. ಬೆರಳಿಟ್ಟು ಮೂರು ಸಲ ಎಣಿಸಿದೆ.

ಮೂವತ್ತೆಂಟು ವರ್ಷದ ಮಗಳ ಚಿತ್ರಕ್ಕೆ ಯಾವ ತಾಯಿ ಹೀಗೆ ಕೈ ಹಾಕುತ್ತಾಳೆ? ಅದೂ ಹೇಳದೆ, ಕೇಳದೆ, ಆಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು!

ಅಚ್ಚು ನಿಲ್ಲಿಸಿ ಎಂದು ಸಂಪಾದಕಿ ಮಿನ್‌ಗೆ ಫೋನ್ ಮಾಡಿದೆ. ಅವಳು ಕುಣಿದಾಡುತ್ತಿದ್ದಳು. "ಅಯ್ಯೋ ಯಾಕೆ ಅಕ್ಕಾ? ಆ ಮೇಲಿನ ಬಾವಲಿ ಇದೆಯಲ್ಲ, ಅದೊಂದೇ ಈಗ ಪುಟದಿಂದ ಹಾರ್ಕೊಂಡು ಬರೋ ಥರ ಇರೋದು. ಮಿಕ್ಕ ನಾಲ್ಕೂ ಇಸ್ತ್ರಿ ಮಾಡಿ ಅಂಟಿಸಿದ ಹಾಗಿವೆ, ಬೇಜಾರಾಗ್ಬೇಡಿ," ಅಂದಳು. ಬೇಜಾರಾಗಬಾರದಂತೆ!

ಆಮೇಲೆ ನಿನಗೆ ಫೋನ್ ಮಾಡಿದೆ. ನಿನಗೆ ನಾಚಿಕೆಯೂ ಇಲ್ಲ. "ನಮ್ಮ ಮಾತಲ್ಲಿ ನಾಲ್ಕು ಅಂದ್ರೆ ಸಾವು ಅಂದ ಹಾಗೇ ಕೇಳುತ್ತೆ. ಹೊಸ ವರ್ಷಕ್ಕೆ ಮಕ್ಕಳ ಕೈಗೆ ಅದನ್ನ ಕೊಡ್ತೀಯೇನೇ?" ಅಂದೆ. ನನಗೇ ಪಾಠ. ಬಾವಲಿ ಅಂದರೂ ಭಾಗ್ಯ ಅಂದರೂ ಒಂದೇ ಸದ್ದು, ಐದು ಭಾಗ್ಯಕ್ಕೆ ಐದು ಬಾವಲಿ ಎಂದು ನನಗೆ ಮೂರು ವರ್ಷಕ್ಕೇ ನೀನು ಹೇಳಿಕೊಟ್ಟದ್ದು ಮರೆತಿಲ್ಲ. ಜಾಗ ಇರಲಿಲ್ಲ ಎಂದೆ ನಾನು. "ಸುಳ್ಳಿ! ಸರಿಯಾಗಿ ಒಂದು ಬಾವಲಿ ಹಿಡಿಯೋಷ್ಟು ಜಾಗ ನೀನೇ ಅಳೆದು ಖಾಲಿ ಬಿಟ್ಟಿದ್ದೆ," ಅಂದೆ ನೀನು.

ಸುಳ್ಳಿನ ಮಾತು ನೀನು ಎತ್ತಬೇಡ. ಅಚ್ಚುಮನೆಯಲ್ಲಿ, ಬಾಗಿಲಿಗೆ ಅಂಟಿಸುವ ದೇವರ ಚಿತ್ರಗಳ ಕೆನ್ನೆಗೆ ಕೆಂಪು ತುಂಬುತ್ತಿದ್ದೆ, ಅಷ್ಟೇ ನನಗೆ ಬರುತ್ತಿದ್ದದ್ದು ಎಂದು ಹುಟ್ಟಿದಾಗಿನಿಂದ ನನ್ನನ್ನು ನಂಬಿಸಿದ್ದೀಯ. ಈ ಐದನೆಯ ಬಾವಲಿ ನೋಡಿದರೆ ಕುಂಚದ ಒಂದು ಬದಿಗೆ ಬಣ್ಣ, ಇನ್ನೊಂದು ಬದಿಗೆ ಬರೀ ನೀರು, ಒಂದೇ ಎಳೆತದಲ್ಲಿ ಇಡೀ ರೆಕ್ಕೆ! ಕೆನ್ನೆಗೆ ಬಣ್ಣ ತುಂಬುವವರಿಗೆ ಅದು ಬರುವುದಿಲ್ಲ. ನಾನು ನಾಲ್ಕು ವರ್ಷ ಕಲಾಶಾಲೆಯಲ್ಲಿ ಸುಮ್ಮನೆ ಬೆವರು ಸುರಿಸಿದೆ. ನೀನು ಅಡಿಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಾ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆ. ಒಂದು ದಿನ ಕೂರಿಸಿಕೊಂಡು ತೋರಿಸಿದ್ದರೆ ಏನಾಗುತ್ತಿತ್ತು?

ಸರಿ. ಸುಳ್ಳು ಹೇಳಿದವಳು ನಾನೂ ಹೌದು. ಜಾಗ ಇತ್ತು.

ಆಯುಷ್ಯ ಬರೆದೆ, ಐಶ್ವರ್ಯ ಬರೆದೆ, ಆರೋಗ್ಯ ಬರೆದೆ, ಒಳ್ಳೆಯ ನಡತೆ ಬರೆದೆ. ಐದನೆಯದು ವಯಸ್ಸು ತುಂಬಿ ನೆಮ್ಮದಿಯಾಗಿ ಬರುವ ಸಾವಿನದು. ನಿನ್ನ ಹೃದಯದ ಕವಾಟ ಕೆಟ್ಟಿದೆ ಎಂದು ಇಲ್ಲಿನ ವೈದ್ಯರು ಮೊದಲ ಸಲ ಹೇಳಿದ ವಾರವೇ ಆ ಮೂಲೆಗೆ ಬಂದಿದ್ದೆ. ಕುಂಚ ಅದ್ದಿದೆ, ತೊಳೆದೆ, ಮತ್ತೆ ಅದ್ದಿದೆ. ಆಗಲಿಲ್ಲ. ಬಾಗಿಲು ತಟ್ಟುತ್ತಿದ್ದವನನ್ನು ಕಾಯಿಸಿ ಒಂದೇ ನೋಟದಲ್ಲಿ ನನ್ನ ಆ ಹೆದರಿಕೆಯನ್ನು ಓದಿಕೊಂಡೆಯಲ್ಲ, ನನಗೆ ಅದಕ್ಕೇ ಹೆಚ್ಚು ಸಿಟ್ಟು.

"ಅದಕ್ಕೆ ಹೆದರ್ಕೊಂಡ್ರೆ ಮಿಕ್ಕ ನಾಲ್ಕು ಯಾಕೆ ಬೇಕೇ ಹುಚ್ಚಿ? ಹೋಗೋ ಕಾಲಕ್ಕೆ ಹಾಸಿಗೆ ಮೇಲೆ ಹಾಯಾಗಿ ಹೋಗ್ಬೇಕು ಅಂತ ತಾನೆ ಎಲ್ರೂ ಕೇಳೋದು," ಎಂದು ಹೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನ್ ಇಟ್ಟೆ.

ಆಗ ಹೇಳಬೇಕಿದ್ದದ್ದನ್ನು ಈಗ ಕೇಳು. ವಯಸ್ಸು ತುಂಬಿ ಎಂದಿದೆ, ತುಂಬಿ. ನಿನಗೆ ಅರವತ್ತಾರು. ಶಸ್ತ್ರಚಿಕಿತ್ಸೆ ಮಾಡಿದರೆ ಇನ್ನೂ ಹದಿನೈದು ವರ್ಷ ಗಟ್ಟಿಯಾಗಿರುತ್ತೀರಿ ಎಂದು ವೈದ್ಯರು ಹೇಳುವಾಗ ನೀನು ಕಿಟಕಿಯಾಚೆ ನೋಡುತ್ತಿದ್ದೆ. ಮೊದಲು ಹೊಸ ವರ್ಷ ಕಳೆಯಲಿ ಎಂದೆ. ಆಮೇಲೆ ಸಾಸಿವೆ ಹೂ ಉದುರಲಿ ಎಂದೆ. ಈಗ ಪೆಂಗ್ ಅತ್ತೆಯ ಮೊಮ್ಮಗಳ ಮದುವೆಯಂತೆ. ಮೆಟ್ಟಿಲು ಹತ್ತಲಾರದೆ ನಡುವೆ ಕುಸಿದು ಹೋಗುವುದಕ್ಕೆ ಯಾವ ಬಾವಲಿಯೂ ಇಲ್ಲ ಅಮ್ಮ. ನೀನು ಬರೆದದ್ದರಲ್ಲಿ ನಿನಗೇ ನಂಬಿಕೆ ಇದ್ದರೆ ಮೊದಲು ಆಪರೇಷನ್‌ಗೆ ಹೂಂ ಅನ್ನು.

ಸಂಜೆ ಮಿನ್‌ಗೆ ಮತ್ತೆ ಫೋನ್ ಮಾಡಿ, ಅಚ್ಚು ಹಾಕಿಸು ಎಂದೆ. ಐದೂ ಇರಲಿ. ನಿನ್ನದು ಚೆನ್ನಾಗಿದೆ. ಇದನ್ನು ಇನ್ನೊಂದು ಸಲ ನನ್ನ ಬಾಯಿಂದ ಹೇಳಿಸಬೇಡ.

ಉಪ್ಪು ಹಚ್ಚಿದ ಮಾಂಸವನ್ನು ನೇತುಹಾಕಲು ಸ್ಟೂಲ್ ಹತ್ತಬೇಡ.

ನಿನ್ನ ಮೇಲೆ ಇನ್ನೂ ಸಿಟ್ಟಿರುವ,
ಯೂನ್‌ಹ್ವೇ

ಮರೆತ ಮಾತು: ಮರೆತಿರಲಿಲ್ಲ, ಹೇಳಲು ಧೈರ್ಯ ಇರಲಿಲ್ಲ. ನಿನ್ನನ್ನು ಕೇಳದೆಯೇ ಆಸ್ಪತ್ರೆಯಲ್ಲಿ ಹತ್ತೊಂಬತ್ತನೇ ತಾರೀಖಿಗೆ ದಿನ ಗೊತ್ತುಮಾಡಿದ್ದೇನೆ. ಮನೆಯವರ ಸಹಿಯ ಜಾಗದಲ್ಲಿ ನನ್ನ ಹೆಸರಿನ ಬದಲು ನಿನ್ನದನ್ನು ಬರೆದುಬಿಟ್ಟೆ, ನರ್ಸ್ ಇನ್ನೊಂದು ಹಾಳೆ ಕೊಟ್ಟಳು. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ದೆಯಾಂಗ್‌ಗೆ ಚಿಕ್ಕಮ್ಮನ ಮನೆಗೆ ಓಡಿಹೋಗುವ ಯೋಚನೆ ಬಿಡು. ಅವಳು ನನ್ನ ಪಕ್ಷ, ನಿನ್ನ ಬಟ್ಟೆ ಕಟ್ಟಿಡಲು ಶನಿವಾರವೇ ನಿನ್ನ ಮನೆಗೆ ಬರುತ್ತಿದ್ದಾಳೆ.