ಲಂಬುವಿನ ಮಾತ್ರೆ ಡಬ್ಬಿ

ಮಾರ್ಚ್ 4, ಬೆಳಿಗ್ಗೆ 8

ಮಾತ್ರೆ ನುಂಗಿದ್ದಾಯಿತು. ಆಸ್ಪತ್ರೆಯವರ ಪುಸ್ತಕದಲ್ಲಿ ಗುರುತೂ ಹಾಕಿದೆ. ಆ ಪುಸ್ತಕ ಅವರಿಗೆ, ಈ ಡೈರಿ ನನಗೆ. ಯಾವುದೋ ಎಲೆಯ ಸತ್ವವಂತೆ, ವಯಸ್ಸಾದವರ ಮೂಳೆ ಸವೆಯುವುದನ್ನು ತಡೆಯುತ್ತದೋ ಇಲ್ಲವೋ ಅಂತ ಪರೀಕ್ಷೆ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಹಿಟ್ಟು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲವಂತೆ. ಚೆನ್ನಾಗಿದೆ ವ್ಯವಹಾರ!

ನಾನು, ನನ್ನ ವಾರಗಿತ್ತಿ ಇಬ್ಬರೂ ಸೇರಿದ್ದೇವೆ. ಮೈದುನನ ಹೆಂಡತಿ. ಮದುವೆಯಾಗಿ ಬಂದಾಗ ಮನೆಗೆಲ್ಲ ಎತ್ತರ, ಅದಕ್ಕೇ ಲಂಬು ಅಂತ ಕರೆದೆ. ಈಗ ಬೆನ್ನು ಬಾಗಿ ನನ್ನ ಕಿವಿಯ ಮಟ್ಟಕ್ಕೆ ಬಂದಿದ್ದಾಳೆ. ಹೆಸರು ಮಾತ್ರ ಕುಗ್ಗಿಲ್ಲ. ಗಂಡಂದಿರು ಹೋದ ಮೇಲೆ ಒಟ್ಟಿಗೇ ಇದ್ದೇವೆ. ಜಗಳಕ್ಕಾದರೂ ಒಬ್ಬರು ಬೇಕಲ್ಲ.

ಮಾರ್ಚ್ 5

ತಡೆಯಲಾಗಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಇಬ್ಬರ ಡಬ್ಬಿಯಿಂದಲೂ ಒಂದೊಂದು ಕ್ಯಾಪ್ಸೂಲ್ ಬಿಚ್ಚಿ ಮೂಸಿದೆ. ನನ್ನದರಲ್ಲಿ ಎಲೆಯ ಘಾಟು. ಅವಳದರಲ್ಲಿ ಅಷ್ಟಕ್ಕಷ್ಟೇ. ಸಾಬೂನು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವಾಸನೆ ನೋಡಿ ಮಾಲು ಪಾಸು ಮಾಡಿದ ಮೂಗು ಇದು, ಸುಳ್ಳು ಹೇಳುವುದಿಲ್ಲ.

ಅಂದರೆ ಗಟ್ಟಿಯಾಗಿರುವವಳಿಗೆ ಔಷಧಿ, ಬೆನ್ನು ಬಾಗಿದವಳಿಗೆ ಹಿಟ್ಟು. ಯಾವ ಸೀಮೆ ನ್ಯಾಯ?

ಡಬ್ಬಿಗಳ ಒಳಗಿನದನ್ನು ಅದಲುಬದಲು ಮಾಡಿಬಿಟ್ಟೆ. ಅವಳಿಗೆ ಹೇಳಿಲ್ಲ. ಹೇಳಿದರೆ ನೀನೇ ತಗೋ ಅಂತ ಹಟ ಹಿಡಿಯುತ್ತಾಳೆ.

ಜೂನ್ 17

ಹೊಸ ಡಬ್ಬಿ ಬಂತು. ಮೂಸಿದೆ. ಅದೇ ಕಥೆ. ಬದಲಾಯಿಸಿದೆ. ಲಂಬು ಇವತ್ತು ಯಾರ ಕೈಯೂ ಹಿಡಿಯದೆ ಮೆಟ್ಟಿಲು ಹತ್ತಿದಳು. ನನಗೆ ಒಳಗೊಳಗೇ ಜಂಬ...

ಅಕ್ಟೋಬರ್ 9

ಲಂಬು ಬಿದ್ದಳು. ಬಿದ್ದಳು ಅನ್ನುವಷ್ಟೂ ಅಲ್ಲ — ಕಾಲೊರಸಿಗೆ ಎಡವಿ ಗೋಡೆಗೆ ಕೈ ಊರಿದಳು. ಮಣಿಕಟ್ಟು ಮುರಿದಿದೆ. ಪ್ಲೇಟ್ ಹಾಕಬೇಕಂತೆ.

ಅಕ್ಟೋಬರ್ 11, ಮಧ್ಯಾಹ್ನ

ಆಪರೇಷನ್ ಆಯಿತು. ಅವಳು ತಿನ್ನುತ್ತಿರುವುದು ಏನೆಂದು ಅರಿವಳಿಕೆ ಡಾಕ್ಟರು ಪಟ್ಟು ಹಿಡಿದು ಕೇಳಿದ್ದಕ್ಕೆ ಪರೀಕ್ಷೆಯ ಡಾಕ್ಟರು ಗುಟ್ಟಿನ ಪಟ್ಟಿ ತೆಗೆಸಿದರು. ಹೊರಗೆ ಬಂದು ಹೇಳಿದರು — ಇವರ ಹೆಸರಿಗೆ ಬಂದಿದ್ದು ನಿಜವಾದ ಔಷಧಿ.

ಮತ್ತೆ ಆ ವಾಸನೆ? ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ಎರಡೂ ಒಂದೇ ಥರ ಇರಲೆಂದು ಹಿಟ್ಟಿನ ಮಾತ್ರೆಗೂ ಎಲೆಯ ವಾಸನೆ ಹಾಕಿಸಿದ್ದಾರಂತೆ. ಸ್ವಲ್ಪ ಹೆಚ್ಚೇ ಬಿದ್ದಿರಬಹುದಂತೆ.

ಒಂದು ಹೂವೂ ಇಲ್ಲದೆ ಸಾಬೂನಿಗೆ ಮಲ್ಲಿಗೆ ಘಮ ಹಾಕುವ ಕಡೆ ದುಡಿದವಳು ನಾನು. ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕಿತ್ತು? ಏಳು ತಿಂಗಳು ಅವಳ ಔಷಧಿಯನ್ನು ನಾನು ತಿಂದೆ, ನನ್ನ ಹಿಟ್ಟನ್ನು ಅವಳು ತಿಂದಳು. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಂಡಿದ್ದು ಅವಳು.

ಅಕ್ಟೋಬರ್ 14

ಲಂಬು ಮನೆಗೆ ಬಂದಿದ್ದಾಳೆ. ಡಾಕ್ಟರು ಹೊಸದಾಗಿ ಬರೆದುಕೊಟ್ಟ ಮೂಳೆ ಮಾತ್ರೆ ಮುಟ್ಟುತ್ತಿಲ್ಲ. ಕೇಳಿದರೆ —

"ನಿಜವಾದ ಔಷಧೀನೇ ತಿಂದೆ ಅಕ್ಕ, ಆದ್ರೂ ಮುರೀತು. ನನ್ ಮೈಗೆ ಯಾವ್ದೂ ಹತ್ತಲ್ಲ. ಬಿಟ್ಬಿಡು."

ಅಕ್ಟೋಬರ್ 15, ಬೆಳಿಗ್ಗೆ

ಪರೀಕ್ಷೆಯ ಡಾಕ್ಟರಿಗೆ ಎಲ್ಲ ಹೇಳಿ ಬಂದೆ. ಬೈಯಲಿಲ್ಲ. ಪಟ್ಟಿ ತೆಗೆದು ಇಬ್ಬರ ಹೆಸರಿಗೂ ಗೀಟು ಎಳೆದರು. ಪರೀಕ್ಷೆಯಲ್ಲಿ ಇಬ್ಬರ ಲೆಕ್ಕವೂ ಹಾಳು. ಅದನ್ನು ತಿಂದಿದ್ದರೆ ಮುರಿಯುತ್ತಿರಲಿಲ್ಲ ಅಂತಲೂ ಹೇಳಲಾಗದಂತೆ, ಅದು ಗೊತ್ತಾಗಲೆಂದೇ ಈ ಪರೀಕ್ಷೆಯಂತೆ. ಆದರೂ ನನಗೆ ಸಮಾಧಾನವಿಲ್ಲ. ಲಂಬುಗೆ ನಾನೇ ಹೇಳುತ್ತೇನೆ ಅಂದೆ. ಇವತ್ತೇ ಹೇಳಿ ಅಂದರು.

ಸಂಜೆ 5

ಮೂರು ಸಲ ಅವಳ ಕೋಣೆಯ ಬಾಗಿಲ ತನಕ ಹೋದೆ. ಒಮ್ಮೆ ಕಾಫಿ ಬೇಕಾ ಅಂತ ಕೇಳಿ ಬಂದೆ. ಒಮ್ಮೆ ಕಿಟಕಿ ಮುಚ್ಚಿ ಬಂದೆ. ಹೇಳದಿದ್ದರೆ ಮಾತ್ರೆ ಮುಟ್ಟುವುದಿಲ್ಲ, ಮುಂದಿನ ಸಲ ಸೊಂಟವೇ ಮುರಿಯುತ್ತದೆ. ಹೇಳಿದರೆ... ನಲವತ್ತು ವರ್ಷ ಅಕ್ಕ ಅಂದ ಬಾಯಿ ಏನನ್ನುತ್ತದೋ. ಹೆದರಿಕೆ ಆಗುತ್ತಿದೆ.

6.15

ಹೇಳಿದೆ. ಮೂಸಿದ್ದು, ಬದಲಾಯಿಸಿದ್ದು, ಎಲ್ಲ. ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ —

"ಹಾಗಾದ್ರೆ ನಾನಿನ್ನೂ ಔಷಧೀನೇ ತಿಂದಿಲ್ಲ."

ಹೊಸ ಡಬ್ಬಿ ಕೇಳಿದಳು. ಕೊಡಹೋದೆ. ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ಮೇಜಿನ ಮೇಲಿಡು ಅಂದಳು. ಡಬ್ಬಿಯ ಮೇಲಿನ ಚೀಟಿಯನ್ನು ಎರಡು ಸಲ ಓದಿದಳು. ಒಂದು ಮಾತ್ರೆ ನುಂಗಿದಳು. ನುಂಗಿದಳಲ್ಲ, ಸಾಕು. ನಾನು ಎದ್ದು ಬಂದೆ.

ಈಗ ಒಳಗಿನಿಂದ ಕೂಗುತ್ತಿದ್ದಾಳೆ. ನನ್ನನ್ನೇ. ಅಕ್ಕ ಅಂದಳೋ ಏನಂದಳೋ ಸರಿಯಾಗಿ ಕೇಳಲಿಲ್ಲ. ಇನ್ನೊಂದು ಸಲ ಕೂಗಿದಳು —