ಒಂದೂವರೆಯ ಊಟ

೧೨ ಸೆಪ್ಟೆಂಬರ್ ೧೯೮೮, ಮಧ್ಯಾಹ್ನ ೨.೧೫
ಈಗಷ್ಟೇ ಹೋದರು. ಸ್ಕೂಟರ್ ಸದ್ದು ತಿರುವಿನಲ್ಲಿ ಇನ್ನೂ ಕೇಳುತ್ತಿದೆ! ಈ ತೆಲುಗು ಊರಿನ ಇಡೀ ದ್ವಾರಕಾ ನಗರದಲ್ಲಿ ದಿನಾ ಊಟಕ್ಕೆ ಮನೆಗೆ ಬರುವ ಬ್ಯಾಂಕ್ ಆಫೀಸರ್ ನನ್ನ ಜಯದೇವ ಒಬ್ಬರೇ ಇರಬೇಕು. ನಾನೇ ಹಟ ಹಿಡಿದದ್ದು. ಮದುವೆಯಾಗಿ ಮೂರೇ ವಾರ, ಸಂಜೆವರೆಗೆ ಮುಖ ನೋಡದೆ ಇರುವುದೆಂದರೆ? ಇಂಪಾಸಿಬಲ್. ಇವತ್ತು ಪಲ್ಯ ಸೀದಿತ್ತು. "ಶುಭಾ, ಸೀದ ಪಲ್ಯನೇ ನಂಗಿಷ್ಟ" ಅಂದರು. ಸುಳ್ಳ! ಸೋ ಸ್ವೀಟ್.

೨೩ ಸೆಪ್ಟೆಂಬರ್
ನಾಲ್ಕು ದಿನದಿಂದ ಇವರು ಮನೆ ಸೇರುವಾಗ ರಾತ್ರಿ ಒಂಬತ್ತು. ಬ್ರಾಂಚಿನಲ್ಲಿ ಐದರ ಮೇಲೆ ಯಾರೂ ಒಂದು ನಿಮಿಷ ಕೂರುವುದಿಲ್ಲವಂತೆ. ಉಳಿದದ್ದೆಲ್ಲ ಇವರ ತಲೆಗೆ. "ಮೊದ್ಲು ಹೀಗಿರ್ಲಿಲ್ಲ ಕಣೆ, ಎಷ್ಟು ಚೆನ್ನಾಗಿದ್ರು" ಅನ್ನುತ್ತಾರೆ. ಚೆನ್ನಾಗಿದ್ದರಂತೆ! ಐ ಹೇಟ್ ದೆಮ್ ಆಲ್.

೪ ಅಕ್ಟೋಬರ್
ಇವರು ವಿಜಯವಾಡದಿಂದ ವಾಪಸ್. ರೀಜನಲ್ ಆಫೀಸಿಗೆ ಕರೆಸಿ ಬೈದರಂತೆ. ಬಾಕಿ ಬಿದ್ದ ಕೆಲಸ ತಿಂಗಳೊಳಗೆ ಮುಗಿಯದಿದ್ದರೆ ದೀಪಾವಳಿಗೆ ರಜೆ ಇಲ್ಲ. ನಮ್ಮ ಮೊದಲ ದೀಪಾವಳಿ! ಮೈಸೂರಿನಲ್ಲಿ ಅಪ್ಪ ಅಳಿಯನಿಗೆ ಆಗಲೇ ಪಂಚೆ ತಂದಿಟ್ಟಿದ್ದಾರೆ... ಇವರು ಬೂಟು ಬಿಚ್ಚುವುದನ್ನೂ ಮರೆತು ಮಂಚದ ತುದಿಯಲ್ಲಿ ಕೂತುಬಿಟ್ಟರು. "ನನ್ನ ಕಂಡ್ರೆ ಬ್ರಾಂಚಿನೋರಿಗೆ ಯಾಕೆ ಆಗಲ್ಲ, ಶುಭಾ?"

೬ ಅಕ್ಟೋಬರ್, ಬೆಳಿಗ್ಗೆ
ತರಕಾರಿ ಗಾಡಿಯ ಹತ್ತಿರ ಲಕ್ಷ್ಮೀಕಾಂತಮ್ಮ ಸಿಕ್ಕರು, ಬ್ರಾಂಚಿನ ಟೈಪಿಸ್ಟ್. ಬಿಟ್ಟೆನೇ? ಹರಕು ತೆಲುಗಿನಲ್ಲೇ ಜಗಳ ತೆಗೆದೆ — ಯಾಕೆ ಯಾರೂ ಇವರಿಗೆ ಸಹಾಯ ಮಾಡುವುದಿಲ್ಲ ಅಂತ. ಅವರು ಸೊಂಟದ ಮೇಲೆ ಕೈಯಿಟ್ಟರು.
"ಏಮ್ಮಾ ಕೊತ್ತ ಪೆಳ್ಳಿಕೂತುರಾ, ಮಾ ಪಪ್ಪು ಮೀ ಆಯನಕಿ ಚೇದಯಿಂದಾ?"
ಏನಮ್ಮಾ ಹೊಸ ಮದುಮಗಳೇ, ನಮ್ಮ ತೊವ್ವೆ ನಿನ್ನ ಗಂಡನಿಗೆ ಕಹಿಯಾಯಿತಾ ಅಂತ!
ನಮ್ಮ ಮದುವೆಗೆ ಮುಂಚೆ ದಿನಾ ಒಂದೂವರೆಗೆ ಬ್ರಾಂಚಿನ ಹಿಂದಿನ ರೂಮಿನ ಮೇಜಿಗೆ ಪೇಪರ್ ಹಾಸಿ, ಡಬ್ಬಿಗಳನ್ನೆಲ್ಲ ನಡುವೆ ಇಟ್ಟು, ಒಂಬತ್ತು ಜನವೂ ಒಟ್ಟಿಗೆ ಉಣ್ಣುತ್ತಿದ್ದರಂತೆ. ಎಲ್ಲರನ್ನೂ ನಗಿಸುತ್ತಿದ್ದವರು ಇವರೇ. ಅವರಲ್ಲೊಬ್ಬರಾದ ನರಸಿಂಹಮೂರ್ತಿಯ ಹೆಂಡತಿ ಆಸ್ಪತ್ರೆ ಸೇರಿದಾಗ ಮೂರ್ತಿಯ ಸೀಟಿನ ಕೆಲಸವನ್ನು ಪಕ್ಕದ ಸೀಟಿನ ಪದ್ಮಾ ಮಾಡುವುದೆಂದು ತೀರ್ಮಾನವಾದದ್ದು ಅಲ್ಲೇ, ಮೊಸರನ್ನ ಮುಗಿಯುವುದರೊಳಗೆ. ಇವರು ಎದ್ದು ಮನೆಗೆ ಬರತೊಡಗಿದ ಮೇಲೆ 'ಸಾರ್‌ಗೆ ಈಗ ನಾವು ಬೇಡ' ಅಂತ ಒಬ್ಬೊಬ್ಬರೇ ತಮ್ಮ ಸೀಟಿನಲ್ಲೇ ಡಬ್ಬಿ ಬಿಚ್ಚಿದರು. ಈಗ ಯಾರ ಕಷ್ಟ ಯಾರಿಗೂ ಗೊತ್ತಿಲ್ಲ. ಐದಾದರೆ ಬ್ಯಾಗು ಹೆಗಲಿಗೆ.
ಮಾಡಿದ್ದು ನಾನು. ನಾನೇ!

ಅದೇ ದಿನ, ಮಧ್ಯಾಹ್ನ
ಬಡಿಸುತ್ತಾ ಹೇಳಿದೆ. ನಕ್ಕರು. "ಊಟಕ್ಕೂ ಕೆಲಸಕ್ಕೂ ಏನೇ ಸಂಬಂಧ, ಹುಚ್ಚಿ?" ಆಮೇಲೆ ತುತ್ತು ಕೈಯಲ್ಲೇ ನಿಂತಿತು. "ಮೂರ್ತಿ ಹೆಂಡ್ತಿ ಈಗ ಹೇಗಿದಾರೆ ಅಂತಾನೇ ನಂಗೊತ್ತಿಲ್ಲ..."
ನಾಳೆಯಿಂದ ಕ್ಯಾರಿಯರ್ ಕಟ್ಟುತ್ತೇನೆ ಅಂದೆ.
"ನಿಂಗೆ ಬೇಜಾರಾಗಲ್ವಾ?"
"ಇಲ್ಲಪ್ಪ. ಹಾಯಾಗಿ ನಿದ್ದೆ ಮಾಡ್ತೀನಿ."

೭ ಅಕ್ಟೋಬರ್, ೧.೪೦
ಒಂಬತ್ತು ಜನಕ್ಕಾಗುವಷ್ಟು ಬಿಸಿಬೇಳೆಭಾತ್ ಕಟ್ಟಿ ಕಳಿಸಿದೆ. ಮಿಕ್ಕಿದ್ದನ್ನು ಒಲೆಯ ಹತ್ತಿರ ನಿಂತೇ ತಿಂದೆ. ನಿದ್ದೆಯಂತೆ ನಿದ್ದೆ! ಕಿಟಕಿಯಲ್ಲಿ ಕೂತು ರಸ್ತೆ ನೋಡಿದೆ. ಎಷ್ಟು ಸ್ಕೂಟರುಗಳು... ಯಾವುದೂ ನಿಲ್ಲಲಿಲ್ಲ.

೧೩ ಅಕ್ಟೋಬರ್
ಇಷ್ಟು ದಿನ ಆ ಮೇಜಿಗೆ ಇವರೂ ಲಕ್ಷ್ಮೀಕಾಂತಮ್ಮನೂ ಇಬ್ಬರೇ. ಇವತ್ತು ನರಸಿಂಹಮೂರ್ತಿ ತಾವಾಗಿ ಗೋಂಗೂರ ಪಚ್ಚಡಿ, ಅಂದರೆ ನಮ್ಮ ಪುಂಡಿಸೊಪ್ಪಿನ ಚಟ್ನಿ, ಹಿಡಿದು ಬಂದು ಕೂತರಂತೆ. ಹೆಂಡತಿ ಹುಷಾರಾಗಿ, ಮೊದಲು ಮಾಡಿದ್ದು ಅದನ್ನೇ. ಹೇಳುವಾಗ ಇವರ ಕಣ್ಣು ಒದ್ದೆ. ನನ್ನದೂ.

೨೮ ಅಕ್ಟೋಬರ್, ಸಂಜೆ ೫.೫೦
ಮುಗಿಯಿತು!! ಕೆಳಗಿನ ಮನೆಗೆ ಫೋನ್ ಮಾಡಿ ಹೇಳಿದರು. ಬಾಕಿ ಎಲ್ಲ ಕ್ಲಿಯರ್, ರಜೆ ಸ್ಯಾಂಕ್ಷನ್! ಯಾರೂ ಕೇಳದಿದ್ದರೂ ವಾರವಿಡೀ ಎಲ್ಲರೂ ಏಳರವರೆಗೆ ಕೂತಿದ್ದರು. ಇವತ್ತು ಬೇಗ ಬರುತ್ತಾರೆ. ನೀಲಿ ಸೀರೆ ಉಟ್ಟು ಕೂತಿದ್ದೇನೆ. ಬೀಚಿಗೆ, ನಾವಿಬ್ಬರೇ... ಬಂದರು!
ಇದೇನು, ಮೆಟ್ಟಿಲ ಮೇಲೆ ಇಷ್ಟೊಂದು ಚಪ್ಪಲಿ ಸದ್ದು? ಲಕ್ಷ್ಮೀಕಾಂತಮ್ಮನ ಗಂಟಲು — "ಅಮ್ಮಾಯ್, ನಿನ್ನ ಗಂಡನ್ನ ವಾಪಸ್ ಕೊಡೋಕೆ ಬಂದಿದೀವಿ, ಕಾಫಿ ಇಡು!"
ಅಯ್ಯೋ ದೇವರೇ. ಹಾಲು ಅರ್ಧ ಲೀಟರ್, ಕುರ್ಚಿ ಎರಡೇ, ಒಂಬತ್ತು ಜನ—