ಪಾಲಿಯೆಸ್ಟರ್ ಮಾತ್ರ ಉಳಿಯಿತು

೧೨ ಆಗಸ್ಟ್ ೨೦೧೬, ಶುಕ್ರವಾರ. ಪ್ರಾಸ್ಪೆಕ್ಟ್, ಅಡಿಲೇಡ್

ವರಮಹಾಲಕ್ಷ್ಮಿ ಹಬ್ಬದ ದಿನ ಗಂಡನ ಮೇಲೆ ಕೂಗಾಡಬಾರದೆಂದು ಇಡೀ ಸಂಜೆ ಹಲ್ಲು ಕಚ್ಚಿಕೊಂಡಿದ್ದೆ. ಈ ಡೈರಿಯಲ್ಲಾದರೂ ಕಾರಿಕೊಳ್ಳುತ್ತೇನೆ.

ಕೌದಿ ಹೊಲಿಯಲೆಂದು ಮೂರು ವರ್ಷದಿಂದ ಕೂಡಿಟ್ಟ ಬಟ್ಟೆ. ಎಲ್ಲ ನೀಲಿ, ಎಲ್ಲ ಅಪ್ಪಟ ಕಾಟನ್. ಹಳೇ ಸಾಮಾನು ಮಾರುವ ಇಲ್ಲಿನ ಆಪ್ ಶಾಪ್‌ಗಳ ಬುಟ್ಟಿಯಲ್ಲಿ ಕೆದಕಿ ತೆಗೆದದ್ದು ಕೆಲವು. ಮೈಸೂರಿನಿಂದ ಬರುವಾಗ ಉಪ್ಪಿನಕಾಯಿ ಬಿಟ್ಟು ಸೂಟ್‌ಕೇಸಿಗೆ ತುರುಕಿದ್ದು ಕೆಲವು. ಒಗೆದು, ಇಸ್ತ್ರಿ ಮಾಡಿ, ರವಿಕೆ ಕಣದ ಹಾಗೆ ಮಡಚಿ ಒಂದು ಡಬ್ಬದಲ್ಲಿಟ್ಟಿದ್ದೆ. ಅದೇ ತಪ್ಪಾಯಿತು. ತಾಂಬೂಲದ ಚೀಲಗಳಿಗೆ ಕಣ ಹಾಕಿಡು ಎಂದರೆ ಶ್ರೀಹರಿ ಆ ಡಬ್ಬವನ್ನೇ ಖಾಲಿ ಮಾಡಿದ್ದಾನೆ. ನಾನೂ ನೋಡದೆ ಕುಂಕುಮ ಕೊಟ್ಟು ಎಲ್ಲರಿಗೂ ಹಂಚಿದೆ.

“ಅಯ್ಯೋ, ಪ್ಯೂರ್ ಕಾಟನ್! ಇಲ್ಲೆಲ್ಲಿ ಸಿಕ್ತು ರೀ?” ಎಂದು ಅನಸೂಯಾ ಬಾಗಿಲಲ್ಲಿ ಚೀಲದಿಂದ ಎಳೆದಾಗಲೇ ನನಗೆ ಗೊತ್ತಾದದ್ದು. ತಾಂಬೂಲದಲ್ಲಿ ಕೊಟ್ಟದ್ದನ್ನು ವಾಪಸ್ ಕೇಳಲಾದೀತೇ? ಹಲ್ಲು ಕಿರಿದೆ.

“ಚೆನ್ನಾಗಿರೋದನ್ನೇ ಕೊಡೋಣ ಅಂತ ಹಾಕ್ದೆ ಕಣೇ. ಬಟ್ಟೆ ತಾನೇ?” ಅನ್ನುತ್ತಾನೆ ಶ್ರೀಹರಿ.

ಬಟ್ಟೆ ತಾನೇ! ಕೊಡಬೇಕಿದ್ದ ಪಾಲಿಯೆಸ್ಟರ್ ಕಣಗಳು ಬೀರುವಿನಲ್ಲಿ ಹಾಗೇ ಕೂತಿವೆ. ಅವನ್ನು ಯಾರೂ ಹೊಲಿಸುವುದಿಲ್ಲ. ಮನೆಯಿಂದ ಮನೆಗೆ ದಾಟಿ, ಅಡಿಲೇಡ್ ಎಲ್ಲ ಸುತ್ತಿ, ಮತ್ತೆ ನಮ್ಮ ಮನೆಗೇ ಬರುತ್ತವೆ. ನನ್ನ ನೀಲಿ ಬರುವುದಿಲ್ಲ. ಚೆನ್ನಾಗಿದೆಯಲ್ಲ, ಹೊಲಿಸಿಕೊಂಡುಬಿಡುತ್ತಾರೆ.

ಈಗ ಬಂದು ನಿಂತು ಕೇಳುತ್ತಿದ್ದಾನೆ, “ಉಳಿದಿರೋ ಹೋಳಿಗೆ ಫ್ರಿಜ್ಜಲ್ಲಿ ಇಡ್ಲಾ?”

“ಯಾಕೆ? ಅದನ್ನೂ ಹಂಚ್ಬಿಡು.”